ಒರೆಸಿದ ಕಂಬ

ಅಹೋ,

ನಿಮ್ಮ ಮಗಳು ಕೇತಕಿ ಇವತ್ತು ಮತ್ತೆ ಮಲ್ಲಕಂಬ ಹತ್ತಿದಳು. ನೀವು ಜಾರಿ ಬಿದ್ದು ನಮ್ಮನ್ನು ಬಿಟ್ಟುಹೋದ ಅದೇ ಕಂಬ. ಈಗ ನಿಮ್ಮ ಜಾಗದಲ್ಲಿ ಕಲಿಸುವ ಶಾಲಿನಿಬಾಯಿ ಚಳಿಗಾಲವೆಲ್ಲ ಅವಳನ್ನು ನೆಲದ ಮೇಲೆಯೇ ಇರಿಸಿ, ಮೊಣಕೈಯೂರಿ ಹಲಗೆಯಂತೆ ಮೈ ಹಿಡಿಯುವ ಸಾಧನೆ ಮಾಡಿಸಿದ್ದರು. "ಹೊಟ್ಟಿ, ಬೆನ್ನು ಗಟ್ಟಿ ಆದ್ರ ಸಮತೋಲ ತಾನ ಬರ್ತದ್ರೀ ವಹಿನಿ, ಅಂಜಬ್ಯಾಡ್ರಿ" ಅಂದಿದ್ದರು. ನನಗೆ ನಂಬಿಕೆ ಬರಲಿಲ್ಲ. ಇವತ್ತು ಬೆಳಿಗ್ಗೆ ಯಾರೂ ಬರುವ ಮೊದಲು ಗರಡಿಗೆ ಹೋಗಿ, ಕಂಬಕ್ಕೆ ಹಚ್ಚಿದ್ದ ಹರಳೆಣ್ಣೆಯನ್ನೆಲ್ಲ ಸೆರಗಿನಿಂದ ಒರೆಸಿಬಿಟ್ಟೆ.

ಅರ್ಧಕ್ಕೆ ಹತ್ತಿ ಮೈ ತಿರುಗಿಸುವಾಗ ಕೇತಕಿಯ ತೊಡೆ ಎಣ್ಣೆಯಿಲ್ಲದ ಒಣ ಕಂಬಕ್ಕೆ ಕಚ್ಚಿಕೊಂಡಿತು. ತಲೆ ಕೆಳಗಾಗಿ ತೂಗಾಡಿದಳು. ನಾನು ಕೈಚಾಚಿ ಕಂಬದ ಬುಡಕ್ಕೆ ಓಡಿದೆ. ಅವಳು ಮಾತ್ರ ಹೊಟ್ಟೆ ಬಿಗಿಹಿಡಿದು, ನಿಧಾನವಾಗಿ ಮೈಯನ್ನು ಮೇಲಕ್ಕೆ ಎಳೆದುಕೊಂಡಳು.

"ಎಣ್ಣಿ ಒರೆಸಿದ ಶಾಣ್ಯಾ ಯಾರು? ಚರ್ಮ ಸುಲದು ಹೋಗಂಗಿಲ್ಲೇನು?" ಎಂದು ಶಾಲಿನಿಬಾಯಿ ಗದರಿದರು. ನಾನು ಸೆರಗನ್ನು ಮುದುಡಿ ಹಿಡಿದೆ.

ಕೇತಕಿ ಇಳಿದು ಬಂದು ನನ್ನ ಸೆರಗು ಮೂಸಿದಳು. "ಆಯಿ, ನಾಳಿಂದ ಬಾಬಾನ ಕೆಲಸ ನಿಂದು. ಎಣ್ಣಿ ನೀನ ಹಚ್ಚು" ಅಂದಳು.

ನಿಮ್ಮ ಎಣ್ಣೆಯ ಸೀಸೆ ಗೂಡಿನಲ್ಲಿ ನೀವಿಟ್ಟಂತೆಯೇ ಇದೆ. ಎಷ್ಟು ಹಚ್ಚಿದರೆ ಚರ್ಮ ಉಳಿಯುತ್ತದೆ, ಎಷ್ಟು ಹಚ್ಚಿದರೆ ಕಾಲು ಜಾರುತ್ತದೆ ಎಂದು ನಿಮ್ಮನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.