ಮೂವತ್ತನೆಯ ಎಸೆತ

ನಾಗರಪಂಚಮಿ, ೧೯೭೮

ಜಹಾಂಗೀರನ ಮೀಸೆಯಿಲ್ಲದ ಮುಖ ನೆನೆದರೆ ಈಗಲೂ ನಗು ಬರುತ್ತದೆ. ಕಳಸಾಪುರದ ಅಗಸಿ ಬಾಗಿಲಿನಿಂದ ಹಳ್ಳದ ತನಕ, ಬಿದ್ದಲ್ಲಿಂದಲೇ ಮತ್ತೆ ಒಗೆಯುತ್ತ, ಮೂವತ್ತು ಎಸೆತದಲ್ಲಿ ನಿಂಬೆಹಣ್ಣು ಮುಟ್ಟಿಸುತ್ತೇವೆ ಎಂದು ನಮ್ಮ ಓಣಿಯವರು, ಆಗದು ಎಂದು ಅವನ ಗುಂಪು ಪಂದ್ಯ ಕಟ್ಟಿದ್ದರು. ಸೋತವರು ಮೀಸೆ ಬೋಳಿಸಬೇಕು.

ಇಪ್ಪತ್ತೊಂಬತ್ತು ಎಸೆತ ಮುಗಿದಾಗ ನಮ್ಮ ಲಕ್ಷ್ಮಪ್ಪನ ಕೈ ಉಳುಕಿತು.

“ಅಕ್ಕೋರ, ಇದೊಂದು ನೀವ ಒಗೀರಿ,” ಎಂದ.

ಜಹಾಂಗೀರ ನಕ್ಕ. “ಸಾಲ್ಯಾಗ ಹುಡುಗರಿಗೆ ಸೀಮೆಸುಣ್ಣ ಒಗದಂಗ ಅಲ್ಲರಿ ಇದು!”

ಜೋಳದ ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸುತ್ತ ಬೆಳೆದವಳು ನಾನು. ಸೆರಗು ಸಿಕ್ಕಿಸಿ, ನಾಲ್ಕು ಹೆಜ್ಜೆ ಓಡಿ ಒಗೆದೆ. ಹಣ್ಣು ಹಳ್ಳದ ನೀರಿಗೇ ಬಿತ್ತು.

“ಮುಂದಿನ ಪಂಚಮಿಗೆ ನಮ್ಮ ಕಡೆ ಆಡ್ರಿ, ಅಕ್ಕೋರ,” ಎಂದ ಜಹಾಂಗೀರ, ಕ್ಷೌರಕ್ಕೆ ಕೂರುತ್ತ.

ಇಪ್ಪತ್ತು ವರ್ಷ ಪಾಠ ಹೇಳಿದ ಊರು ನನಗೆ ಶಿಳ್ಳೆ ಹಾಕಿದ್ದು ಇದೇ ಮೊದಲು. ಬಲಗೈ ಪೆನ್ನು ಹಿಡಿಯಲೊಲ್ಲದು. ಈ ನೋವು ನಾಳೆಯೂ ಇರಲಿ.