ಬುಗುರಿಯ ಎಡಗಾಲು

ಜನವರಿ 6, ಸೋಮವಾರ

ಇವತ್ತೂ ತಡ. ಶಟರ್ ಎಳೆಯುವ ಹೊತ್ತಿಗೆ ಇಬ್ಬರು ಕೆಮ್ಮಿಕೊಂಡು ಬಂದರು. ಊರಿಗೆಲ್ಲ ಕೆಮ್ಮು. ಔಷಧಿ ಅಂಗಡಿಯವರಿಗೆ ಸುಗ್ಗಿಯಂತೆ — ಅಂಗಡಿ ಯಜಮಾನರಿಗೆ ಇರಬಹುದು, ಕೌಂಟರಿನಲ್ಲಿ ನಿಲ್ಲುವ ನನಗೆ ಮಂಡಿನೋವು.

ಮನೆಗೆ ಬಂದರೆ ಮಗಳಿಲ್ಲ. ಡಾನ್ಸ್ ಕ್ಲಾಸ್. ಮೇಜಿನ ಮೇಲೆ ಗಣಿತದ ಪ್ರಿಪರೇಟರಿ ಪೇಪರ್ ಬೋರಲು ಬಿದ್ದಿತ್ತು. ನೂರಕ್ಕೆ ಇಪ್ಪತ್ತೊಂಬತ್ತು. ಕಾಫಿ ಮಾಡೋಣ ಎಂದವಳು ಹಾಗೇ ಕೂತುಬಿಟ್ಟೆ.

ಎಂಟಕ್ಕೆ ಬಂದಳು. ಬೆವರು, ಕೆಂಪು ಮುಖ.

"ಪೇಪರ್ ನೋಡಿದ್ಯಾ?"

"ನೋಡಿದೆ."

"ಬೈಯಲ್ವಾ?"

"ಬೈದ್ರೆ ಮಾರ್ಕ್ಸ್ ಬರುತ್ತಾ?"

"ಮಾರ್ಕ್ಸ್ ಬರಲ್ಲ. ನಿನಗೆ ನಿದ್ದೆ ಬರುತ್ತೆ" ಎಂದು ನಕ್ಕಳು. ನನಗೂ ನಗು ಬಂತು. ಅದಕ್ಕೇ ಇನ್ನೂ ಸಿಟ್ಟು.

ಮಾರ್ಚ್ ಒಂದಕ್ಕೆ ಆ ದೊಡ್ಡ ನೃತ್ಯಶಾಲೆಯ ಆಯ್ಕೆ. ಅದೇ ತಿಂಗಳ ಹತ್ತರಿಂದ ಹತ್ತನೇ ಕ್ಲಾಸಿನ ಪರೀಕ್ಷೆ. ಹದಿನಾರು ತುಂಬಿದವರನ್ನು ಅಲ್ಲಿ ಸೇರಿಸಿಕೊಳ್ಳುವುದಿಲ್ಲ, ಇವಳಿಗೆ ಜೂನ್‌ನಲ್ಲಿ ತುಂಬುತ್ತದೆ. ಈ ಸಲ ಇಲ್ಲದಿದ್ದರೆ ಇಲ್ಲ. ಪರೀಕ್ಷೆಯದ್ದೂ ಅದೇ ಕಥೆ ಎಂದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ನಾಳೆ ಕುಣಿತವೇ ಇವಳನ್ನು ಕೈಬಿಟ್ಟರೆ ಕೈಯಲ್ಲೇನಿರುತ್ತದೆ? ನನ್ನ ಹಾಗೆ ಕೌಂಟರಿನ ಹಿಂದೆ ನಿಲ್ಲಬೇಕು. ಇದನ್ನು ಅವಳಿಗೆ ಹೇಳಿದೆ. "ನಿಂತ್ಕೊಳ್ಳೋದು ಅಭ್ಯಾಸ ಇದೆ ಬಿಡಮ್ಮ" ಎಂದಳು.

ಜನವರಿ 11, ಶನಿವಾರ

ಕುಂಟುತ್ತಿದ್ದಾಳೆ. ಎಡಗಾಲು. ನಾನು ನೋಡುವಾಗ ನೆಟ್ಟಗೆ ನಡೆಯುತ್ತಾಳೆ, ಬೆನ್ನು ತಿರುಗಿಸಿದರೆ ಗೋಡೆ ಹಿಡಿಯುತ್ತಾಳೆ. ಯಾರ ಹತ್ತಿರ ನಾಟಕ? ದಿನವಿಡೀ ನೋವು ತಿನ್ನುವವರ ಮುಖ ನೋಡುವವಳು ನಾನು.

ಬರೆದೇ ಬಿಡುತ್ತೇನೆ, ಇದನ್ನು ಯಾರು ಓದಬೇಕು. ನೋಡಿದ ತಕ್ಷಣ ಮನಸ್ಸು ಹಗುರಾಯಿತು. ಅಬ್ಬಾ, ಇನ್ನು ಕೂತು ಓದುತ್ತಾಳೆ ಅಂತ. ಆಮೇಲೆ ಅಯ್ಯೋ ಮಗು ಅನಿಸಿತು. ಮೊದಲು ಬಂದದ್ದು ಸಂತೋಷವೇ. ಥೂ, ನಾನೂ ಒಬ್ಬಳು ತಾಯಿ.

ಜನವರಿ 16, ಗುರುವಾರ

ಮೂಳೆ ಡಾಕ್ಟರ ಹತ್ತಿರ ಎಳೆದುಕೊಂಡೇ ಹೋದೆ. ಎಕ್ಸ್‌ರೇ. ಪಾದದ ಸಣ್ಣ ಮೂಳೆಯೊಂದರಲ್ಲಿ ಬಿರುಕು, ಕೂದಲೆಳೆಯಷ್ಟು. ಹೆಚ್ಚು ಹಾರಿ ಹಾರಿ ಆಗಿದ್ದು.

ಅವಳು ಹೊರಗೆ ಬೆಂಚಿನ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಡಾಕ್ಟರು ನನಗೆ ಹೇಳಿದರು — "ನಾಲ್ಕು ವಾರ ಪೂರ್ತಿ ರೆಸ್ಟ್. ಆಮೇಲೆ ನಿಧಾನವಾಗಿ ಶುರು ಮಾಡ್ಲಿ. ಚಿಕ್ಕ ವಯಸ್ಸು, ಬೇಗ ಕೂಡ್ಕೊಳ್ಳುತ್ತೆ. ಮಾರ್ಚ್ ಒಂದಕ್ಕೇನೂ ತೊಂದರೆ ಆಗಲ್ಲ." ಔಷಧಿ ಅಂಗಡಿಯವಳು ಅಂತ ಗೊತ್ತು, ನೀವೇ ನೋಡ್ಕೊಳ್ತೀರಲ್ಲ ಎಂದರು.

ಬಸ್ ಸ್ಟಾಪಿನಲ್ಲಿ ಕೇಳಿದಳು, "ಏನಂದ್ರಮ್ಮ?"

ನಾಲ್ಕು ವಾರ ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆ. ಪರೀಕ್ಷೆ ಮುಗಿಯೋವರೆಗೂ ಹೆಜ್ಜೆ ಹಾಕೋ ಹಾಗಿಲ್ಲ, ಹಾರಿದ್ರೆ ಮೂಳೆ ಎರಡು ತುಂಡಾಗುತ್ತೆ, ಜನ್ಮಕ್ಕೆಲ್ಲ ಕುಂಟು ಅಂದ್ರು — ಎಂದೆ. ಎಷ್ಟು ಸಲೀಸಾಗಿ ಬಂತು! ಕವರಿನ ಮೇಲೆ ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ ಬರೆಯುವ ಹಾಗೆ.

ಅಳಲಿಲ್ಲ. ಎರಡು ಬಸ್ಸು ಬಂದು ಹೋದವು, ಹತ್ತಲಿಲ್ಲ. ನಾನೂ ಏಳು ಎನ್ನಲಿಲ್ಲ.

ಜನವರಿ 17

ಹೇಳಿದ್ದು ಹೇಳಿಯಾಯಿತು. ಅವಳ ಒಳ್ಳೆಯದಕ್ಕೆ. ಅಷ್ಟೇ.

ಜನವರಿ 30, ಗುರುವಾರ

ಓದುತ್ತಿದ್ದಾಳೆ. ನಂಬಲಿಕ್ಕಾಗುವುದಿಲ್ಲ. ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಲೆಕ್ಕ ಮಾಡುತ್ತಾಳೆ. ಬಚ್ಚಲಿಗೆ ಹೋಗುವಾಗಲೂ ಗಾಜಿನ ಪಾತ್ರೆ ಹೊತ್ತವಳ ಹಾಗೆ ನಡಿಗೆ. ನಡೆಯಲು ಕಲಿತ ವಾರವೇ ಗಿರಗಿರ ತಿರುಗಲು ಕಲಿತವಳು, ಅದಕ್ಕೇ ಇವರು, ಅವಳಪ್ಪ, ಬುಗುರಿ ಎಂದು ಕರೆದದ್ದು, ನಿಜವಾದ ಹೆಸರು ಶಾಲೆಯಲ್ಲಷ್ಟೇ ಉಳಿಯಿತು. ಈಗ ಮನೆಯಲ್ಲಿ ಸದ್ದೇ ಇಲ್ಲ. ಮುಂಚೆ ಕೆಳಗಿನ ಮನೆಯವರು ಸದ್ದು ಸದ್ದು ಅಂತ ಜಗಳಕ್ಕೆ ಬರುತ್ತಿದ್ದರು. ಇವತ್ತು ಮೆಟ್ಟಿಲಲ್ಲಿ ಸಿಕ್ಕಿ, ಮಗಳು ಊರಲ್ಲಿಲ್ವಾ ಎಂದರು.

ಇವರು ಪ್ರೆಸ್ಸಿನಿಂದ ಶಾಯಿ ಕೈಯಲ್ಲೇ ಬಂದು ಅವಳ ಪಕ್ಕ ಕೂರುತ್ತಾರೆ. ಇವರಿಗೂ ನಾನು ಹೇಳಿದ್ದು ಅದೇ ಸುಳ್ಳು. "ನೀನು ಸರಿಯಾದ ಟೈಮಿಗೆ ಕರ್ಕೊಂಡು ಹೋದೆ ಕಣೇ. ಇಲ್ದಿದ್ರೆ ಮಗು ಕಾಲು ಕಳ್ಕೊಳ್ತಿತ್ತು." ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ.

ಫೆಬ್ರವರಿ 13, ಗುರುವಾರ

ಇವತ್ತಿಗೆ ನಾಲ್ಕು ವಾರ. ಹೇಳಿದರೆ ಇನ್ನೂ ಸಮಯವಿದೆ. ಡಾಕ್ಟರು ಬೇಗ ಒಪ್ಪಿಗೆ ಕೊಟ್ಟರು, ಮೂಳೆ ಬೇಗ ಕೂಡಿತು, ಏನೋ ಒಂದು ಹೇಳಿದರಾಯಿತು. ಬೆಳಿಗ್ಗೆಯಿಂದ ಇದೇ ಲೆಕ್ಕಾಚಾರ. ಒಬ್ಬರಿಗೆ ತಪ್ಪು ಸಿರಪ್ ಕೊಟ್ಟು, ವಾಪಸ್ ಕರೆದು ಬದಲಾಯಿಸಿ ಕೊಟ್ಟೆ. ಯಜಮಾನರು ಕನ್ನಡಕದ ಮೇಲಿಂದ ನೋಡಿದರು.

ಸಂಜೆ ಬಂದರೆ ಓಡಿಬಂದು ಪೇಪರ್ ತೋರಿಸಿದಳು. ಓಡಿ ಅಲ್ಲ — ಬಂದು. ಗಣಿತದಲ್ಲಿ ಎಪ್ಪತ್ತನಾಲ್ಕು. "ನೋಡಮ್ಮ, ಕಾಲು ಹೋದ್ರೆ ತಲೆ ಬಂತು."

ಹೇಳಲಿಲ್ಲ. ಆ ಎಪ್ಪತ್ತನಾಲ್ಕನ್ನೇ ಇನ್ನೊಮ್ಮೆ ನೋಡಿದೆ.

ಫೆಬ್ರವರಿ 18, ಮಂಗಳವಾರ

ಡಾನ್ಸ್ ಟೀಚರ್ ಮನೆಗೇ ಬಂದಿದ್ದರು. ಆರು ವರ್ಷದಿಂದ ಕಲಿಸುತ್ತಿರುವವರು, ಖಡಕ್ಕು ಹೆಂಗಸು. ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ಇಂಥ ಬಿರುಕು ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಆಗಿದೆ. ಇಷ್ಟು ದಿನ ಯಾರೂ ಕೂತಿಲ್ಲ. ನಾನೊಂದು ಸಲ ಡಾಕ್ಟರ ಹತ್ರ ಮಾತಾಡ್ಲಾ?"

ಹೆದರಿಕೆಗೆ ಬಾಯಿ ಜೋರಾಯಿತು. "ನಿಮಗೆ ಇವಳಲ್ದಿದ್ರೆ ಇನ್ನೊಬ್ಬಳು. ನನಗೆ ಇರೋದು ಒಬ್ಬಳೇ ಮಗಳು. ಅವಳ ಕಾಲು ನಿಮ್ಮ ಆಟದ ಸಾಮಾನಾ?" ಎಂದುಬಿಟ್ಟೆ. ಪಾಪ, ಅವರ ಮುಖ ಸಣ್ಣಗಾಯಿತು.

ಬುಗುರಿ ಒಳಗಿಂದ ಬಂದು ನನ್ನ ಪಕ್ಕ ನಿಂತಳು. "ಬೇಡ ಮೇಡಂ. ಅಮ್ಮಂಗೆ ಇದೆಲ್ಲ ಗೊತ್ತಿರುತ್ತೆ."

ಟೀಚರ್ ಎದ್ದು ಹೋದರು. ಇವಳು ಬಾಗಿಲವರೆಗೂ ಹೋಗಿ, ಅವರು ಮೆಟ್ಟಿಲಿಳಿಯುವುದನ್ನೇ ನೋಡುತ್ತ ನಿಂತಿದ್ದಳು.

ಮಾರ್ಚ್ 1, ಶನಿವಾರ

ಆಯ್ಕೆ ಇವತ್ತು. ಅವಳ ಕ್ಲಾಸಿನಿಂದ ಇಬ್ಬರು ಹೋಗಿದ್ದಾರೆ.

ರಜೆ ಹಾಕಿ ಮನೆಯಲ್ಲೇ ಇದ್ದೆ. ಹತ್ತು ಗಂಟೆಗೆ ಪುಸ್ತಕ ತೆರೆದಳು. ಹನ್ನೊಂದಕ್ಕೂ ಅದೇ ಪುಟ. ಮೆಲ್ಲಗೆ ಹೋಗಿ ತಲೆ ಸವರಿದೆ. "ಈಗ ನನ್ನ ಸರದಿ ಬಂದಿರ್ತಿತ್ತು" ಎಂದಳು. ಅಷ್ಟೇ. ಮತ್ತೆ ಪುಟ ತಿರುವಿದಳು.

ಕಿರುಚಾಡಿದ್ದರೆ, ತಟ್ಟೆ ಎಸೆದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಾರ್ಚ್ 28, ಶುಕ್ರವಾರ

ಪರೀಕ್ಷೆ ಮುಗಿಯಿತು. ಚೆನ್ನಾಗಿ ಬರೆದಿದ್ದೇನೆ ಎಂದಳು. ಶಾಲೆಯ ಗೇಟಿನಲ್ಲಿ ಹುಡುಗಿಯರೆಲ್ಲ ಕುಣಿದು ಕುಪ್ಪಳಿಸುತ್ತಿದ್ದರು. ಇವಳು ಬ್ಯಾಗ್ ಎದೆಗವಚಿಕೊಂಡು ಬದಿಯಲ್ಲಿ ನಿಂತಿದ್ದಳು, ಯಾರಾದರೂ ಕಾಲು ತುಳಿದಾರು ಅಂತ.

"ಇನ್ನು ಕುಣೀಬಹುದು ಕಣೇ! ಡಾಕ್ಟರು ಹೇಳಿದ್ದು ಇವತ್ತಿನವರೆಗೆ" ಎಂದೆ, ದೊಡ್ಡ ದನಿಯಲ್ಲಿ.

"ನೋಡೋಣ" ಎಂದಳು.

ಏಪ್ರಿಲ್ 4, ಶುಕ್ರವಾರ

ನಾನೇ ಕ್ಲಾಸಿಗೆ ಕರೆದುಕೊಂಡು ಹೋದೆ. ಮರದ ಹಲಗೆಯ ನೆಲ, ಉದ್ದ ಕನ್ನಡಿ. ಮೂಲೆಯ ಬೆಂಚಿನಲ್ಲಿ ಕೂತೆ. ಟೀಚರ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೇಕಾದ್ದೇ.

ಕೈ, ಕತ್ತು, ಸೊಂಟ — ಎಲ್ಲ ಮೊದಲಿನ ಹಾಗೇ. ನೋಡುತ್ತ ನೋಡುತ್ತ ಕಣ್ಣು ತುಂಬಿತು, ಎಷ್ಟು ಚಂದ ನನ್ನ ಮಗು! ಹಾರುವ ಜಾಗ ಬಂತು. ಎಲ್ಲರೂ ಹಾರಿದರು, ಇವಳು ನಿಂತಲ್ಲೇ ನಿಂತಳು. ಟೀಚರ್ ಮತ್ತೆ ಎಣಿಸಿದರು. ಮಂಡಿ ಬಗ್ಗಿಸಿದಳು, ಪಾದ ನೆಲ ಬಿಡಲಿಲ್ಲ. ಕನ್ನಡಿಯಲ್ಲಿ ಅವಳ ಮುಖ ಕಂಡೆ. ಬಿಳಿಚಿಹೋಗಿತ್ತು.

ಹೊರಗೆ ಬಂದು "ನೋಯ್ತಿದೆಯಮ್ಮ" ಎಂದಳು. ಎಲ್ಲಿ ಎಂದರೆ, ಅಲ್ಲೇ.

ಏಪ್ರಿಲ್ 17, ಗುರುವಾರ

ಮತ್ತೆ ಡಾಕ್ಟರು. ಎಕ್ಸ್‌ರೇ ಸ್ವಚ್ಛ. ಅವಳೆದುರೇ ಹೇಳಿದರು, ಬಿರುಕಿನ ಗುರುತೂ ಇಲ್ಲ, ಆರಾಮಾಗಿ ಕುಣಿ ಅಂತ. "ಆದ್ರೆ ನೋಯುತ್ತೆ ಡಾಕ್ಟ್ರೇ" ಎಂದಳು. ಒತ್ತಿ ನೋಡಿದರು. ಹಾವು ಮುಟ್ಟಿದ ಹಾಗೆ ಕಾಲೆಳೆದುಕೊಂಡಳು.

ಅವಳನ್ನು ಹೊರಗೆ ಕಳಿಸಿ ನನ್ನನ್ನು ಕೇಳಿದರು, ಯಾವಾಗಿಂದ ಕುಣಿಯುತ್ತಿದ್ದಾಳೆ? ಈ ತಿಂಗಳಿಂದ ಎಂದೆ. ಫೆಬ್ರವರಿಯಲ್ಲಿ ಯಾಕಿಲ್ಲ? ನೆಲ ನೋಡಿದೆ. ಅವರಿಗೆ ತಿಳಿಯಿತು.

"ಮೂಳೆ ಕೂಡಿದೆ. ಅವಳಿಗಿರೋದು ಭಯ. ಏನು ಹೇಳಿ ಹೆದರಿಸಿದ್ರೋ ಅದನ್ನ ನೀವೇ ಬಿಡಿಸ್ಬೇಕು. ಮಾತ್ರೆ ಇಲ್ಲ ಇದಕ್ಕೆ."

ಕೋಪ ಮಾಡಿಕೊಳ್ಳಲಿಲ್ಲ. ಮುಂದಿನ ರೋಗಿಯನ್ನು ಕರೆದರು.

ಮೇ 9, ಶುಕ್ರವಾರ

ರಿಸಲ್ಟ್. ಎಂಬತ್ತೊಂಬತ್ತು ಪರ್ಸೆಂಟ್. ಇವರು ಪ್ರೆಸ್ಸಿನವರಿಗೆಲ್ಲ ಸ್ವೀಟ್ ಹಂಚಿದರು. ಅಂಗಡಿ ಯಜಮಾನರು ಪೆನ್ ಸೆಟ್ ಕೊಟ್ಟರು. ನಾನೂ ನಕ್ಕೆ, ಎಲ್ಲರಿಗೂ ಫೋನ್ ಮಾಡಿದೆ. ನಾನು ಬಯಸಿದ್ದು ಇದೇ ತಾನೇ? ಇದೇ.

ಸಂಜೆ ಕೆಳಗಿನ ಮನೆಯ ಚಿಕ್ಕ ಹುಡುಗಿಗೆ ತನ್ನ ಡಾನ್ಸ್ ಬಟ್ಟೆಗಳನ್ನೆಲ್ಲ ಕೊಟ್ಟು ಬಂದಳು. ಇಸ್ತ್ರಿ ಮಾಡಿ, ಮಡಚಿ. ಯಾಕೆ ಎಂದೆ. "ಇಟ್ಕೊಂಡು ಏನ್ಮಾಡ್ಲಿ? ಕಾಲು ಇದ್ರೆ ಸಾಕು. ಲೆಕ್ಕಶಾಸ್ತ್ರ ತಗೋತೀನಿ."

ಅಳು ಬಂತು. ಸಂತೋಷಕ್ಕೆ ಅಂದುಕೊಂಡರು ಎಲ್ಲರೂ.

ಮೇ 11, ಭಾನುವಾರ

ಹೇಳಿಬಿಟ್ಟೆ.

ಬೆಳಿಗ್ಗೆ ಇವರು ಹೊರಗೆ ಹೋಗಿದ್ದರು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಬಕೆಟ್ ಕಸಿದು ಕೆಳಗಿಟ್ಟು, ಸ್ಟೂಲಿನ ಮೇಲೆ ಕೂರಿಸಿ ಎಲ್ಲ ಹೇಳಿದೆ. ಡಾಕ್ಟರು ಹೇಳಿದ್ದು ನಾಲ್ಕೇ ವಾರ. ತುಂಡಾಗುತ್ತೆ, ಕುಂಟು — ಅದೆಲ್ಲ ನನ್ನ ಬಾಯಿಂದ ಬಂದದ್ದು. ಆಯ್ಕೆಗೆ ನೀನು ಹೋಗಬಹುದಿತ್ತು. ನಾನು ತಪ್ಪಿಸಿದೆ. ಕಾಲು ಹಿಡಿಯುವುದೊಂದು ಬಾಕಿ.

ಕೈಯಲ್ಲಿ ಬಟ್ಟೆ ಕ್ಲಿಪ್ ಹಿಡಿದುಕೊಂಡು ಕೊನೆಯವರೆಗೂ ಕೇಳಿಸಿಕೊಂಡಳು. ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದು ಕಾದೆ.

ನಕ್ಕಳು. ನನ್ನ ಕೆನ್ನೆ ಒರೆಸಿದಳು.

"ಅಮ್ಮ, ನಾನು ಮತ್ತೆ ಕುಣೀಲಿ ಅಂತ ಎಂಥಾ ಕಥೆ ಕಟ್ತೀಯಾ ನೀನು!"

"ಕಥೆ ಅಲ್ವೇ, ಆಣೆಗೂ ನಿಜ."

"ಹೋಗಮ್ಮ. ಒಂದು ಮಾತ್ರೆ ಹೆಚ್ಚುಕಮ್ಮಿ ತಗೊಂಡ್ರೆ ಊರೆಲ್ಲಾ ಬೈಯೋಳು ನೀನು. ಡಾಕ್ಟರ್ ಹೇಳಿದ್ದನ್ನ ಬದಲಾಯಿಸ್ತೀಯಾ? ಅದೂ ನನಗೆ?"

"ಬೇಕಾದ್ರೆ ಡಾಕ್ಟರಿಗೇ ಫೋನ್ ಮಾಡು. ಕೇಳು."

"ಅವರಿಗೂ ಹೇಳ್ಕೊಟ್ಟಿರ್ತೀಯ. ಅವತ್ತು ನನ್ನ ಹೊರಗೆ ಕಳಿಸಿ ಅಷ್ಟು ಹೊತ್ತು ಮಾತಾಡಿದ್ದು ಇದೇ ತಾನೇ?"

ಏನು ಹೇಳಿದರೂ ಅಷ್ಟೇ. ಸುಳ್ಳನ್ನು ಒಂದೇ ಮಾತಿಗೆ ನಂಬಿದವಳು ನಿಜವನ್ನು ಎಷ್ಟು ಬೇಡಿಕೊಂಡರೂ ನಂಬಲಿಲ್ಲ. ನನ್ನ ಮೇಲೆ ಅವಳಿಗೆ ಅಷ್ಟು ನಂಬಿಕೆ. ಹಾಳಾದ ನಂಬಿಕೆ.

ಆಮೇಲೆ ಎಡಗಾಲನ್ನು ನನ್ನ ತೊಡೆಯ ಮೇಲಿಟ್ಟಳು. "ನೀನೇ ನೋಡು. ನಿಜವಾಗ್ಲೂ ನೋವಿದೆ. ನಾನೇನು ನಾಟಕ ಮಾಡ್ತೀನಾ?"

ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಗಟ್ಟಿ ಮೂಳೆ. ಏನೂ ಇಲ್ಲ ಅಲ್ಲಿ. ಅವಳ ಕಣ್ಣಲ್ಲಿ ನೀರು ಬಂತು.

"ಇದೆ ಅಲ್ವಾ ಅಮ್ಮ?"

ಇಲ್ಲ ಎನ್ನಬೇಕಿತ್ತು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು, ಜನವರಿಯಲ್ಲಿ ಬಸ್ ಸ್ಟಾಪಿನಲ್ಲಿ ನೋಡಿದ ಹಾಗೇ. ಇದೆ ಕಂದ, ಎಂದೆ. ಹೌದು, ಇದೆ. ಮುಲಾಮು ತಂದು ಹಚ್ಚಿದೆ. ಹಚ್ಚುತ್ತಾ ಹಚ್ಚುತ್ತಾ ನನಗೇ ಬೆರಳ ಕೆಳಗೆ ಕೂದಲೆಳೆಯಷ್ಟು ಬಿರುಕು ತಗುಲಿದ ಹಾಗಾಯಿತು.