ಹದಿನೇಳನೆಯ ಓರೆಗಂಬ

ಕ್ರಿ.ಶ. ೨೨೧೯, ಹದಿಮೂರನೇ ತಿಂಗಳ ಐದನೇ ದಿನ
ಅರಮನೆ ಚೌಕ, ಪಾಟನ್, ನೇಪಾಳ

ಸುಗುಣಜ್ಜಿಗೆ, ನಿಮ್ಮ ಏಳನೇ ತಲೆಮಾರಿನ ಮೊಮ್ಮಗಳು ಭಾಮಿನಿಯ ನಮಸ್ಕಾರಗಳು. ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗದು. ನನ್ನ ಕನ್ನಡವೂ ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು. ಕ್ಷಮಿಸಿ, ತಿದ್ದಿಕೊಂಡು ಕೂರಲು ಪುರುಸೊತ್ತಿಲ್ಲ.

ನಾನು ನೆರಳೆತ್ತುವವಳು. ಹಾಳಾದ ವಸ್ತುವಿನ ರೂಪವನ್ನು ಹಳೆಯ ಫೋಟೊಗಳಿಂದ ಹುಡುಕಿ ತೆಗೆಯುವವರಿಗೆ ನಮ್ಮ ಕಾಲದಲ್ಲಿ ಹೀಗೆನ್ನುತ್ತಾರೆ. ನೀವು ನೋಡಲಿರುವ ಈ ಚೌಕದ ಮೂರಂತಸ್ತಿನ ದೇಗುಲ ಭೂಕಂಪಕ್ಕೆ ಬಿದ್ದು ಒಂಬತ್ತು ವರ್ಷವಾಯಿತು. ಅದರ ಸೂರನ್ನು ಇಪ್ಪತ್ತನಾಲ್ಕು ಓರೆಗಂಬಗಳು ಹೊತ್ತಿದ್ದವು, ಒಂದೊಂದರಲ್ಲೂ ಒಬ್ಬೊಬ್ಬ ದೇವತೆ. ಇಪ್ಪತ್ತಮೂರನ್ನು ರತ್ನಮುನಿ ಶಿಲ್ಪಕಾರರು ಮತ್ತೆ ಕೆತ್ತಿದ್ದಾರೆ. ಅವರಿಗೀಗ ಎಂಬತ್ತಾರು. ಈ ಕಣಿವೆಯ ನೇವಾರ ಜನಾಂಗದ ಬಡಗಿಗಳಲ್ಲಿ ಈ ಕೆಲಸ ಬಲ್ಲವರು ಅವರೊಬ್ಬರೇ. ಉಳಿದದ್ದು ಹದಿನೇಳನೆಯ ಕಂಬ. ಅದರಲ್ಲಿದ್ದ ದೇವಿಗೆ ಎಂಟು ಕೈಯಿದ್ದವೆಂದು ಗೊತ್ತು, ಯಾವ ಕೈಯಲ್ಲಿ ಏನಿತ್ತೆಂದು ಯಾರಿಗೂ ಗೊತ್ತಿಲ್ಲ. ಅಂದಾಜಿನ ಮೇಲೆ ಕೆತ್ತಿಬಿಡಿ ಎಂದು ಬಾಯಿಬಿಟ್ಟು ರತ್ನಮುನಿಯವರಿಂದ ಬೈಸಿಕೊಂಡೆ. ಊಹೆಯ ಕೈಗೆ ಪ್ರಾಣಪ್ರತಿಷ್ಠೆ ಆಗುವುದಿಲ್ಲ, ಆಮೇಲೆ ಅದು ದೇವಸ್ಥಾನವಲ್ಲ, ಗೊಂಬೆ ಅಂಗಡಿ ಎಂದರು. ದೇಗುಲ ನೋಡಿಕೊಳ್ಳುವ ಮನೆತನಗಳ ಕೂಟಕ್ಕೆ ಇಲ್ಲಿ ಗುಠಿ ಎನ್ನುತ್ತಾರೆ. ಅವರದೂ ಅದೇ ಹಠ.

ಸಾವಿರದ ಇನ್ನೂರು ಫೋಟೊ ನೋಡಿದೆ ಅಜ್ಜಿ. ಆ ಕಂಬವಿದ್ದ ಮೂಲೆಯಲ್ಲಿ ಮಧ್ಯಾಹ್ನ ನೆರಳಿರುತ್ತಿತ್ತಂತೆ, ಬಂದವರೆಲ್ಲ ಅಲ್ಲೇ ನಿಂತು, ತೋಳು ಚಾಚಿ ತಮ್ಮ ಮುಖವನ್ನೇ ತೆಗೆದುಕೊಂಡಿದ್ದಾರೆ. ದೇವಿಯ ಕೈಗಳಿರಬೇಕಾದ ಕಡೆ ಯಾರದೋ ಟೋಪಿ, ಯಾರದೋ ಹೆಗಲೇರಿದ ಮಗು. ಸಿಟ್ಟು ನೆತ್ತಿಗೇರಿ ಅಷ್ಟೂ ಜನರಿಗೆ ಹಿಡಿಶಾಪ ಹಾಕಿದೆ. ಕೊನೆಗೆ ನಮ್ಮ ಮನೆಯಲ್ಲೇ ಸಿಕ್ಕಿದ್ದು ನಿಮ್ಮದು. ಬೆಳಕು ಎಷ್ಟು ಚೆನ್ನಾಗಿದೆಯೆಂದರೆ ದೇವಿಯ ಕಿರೀಟದ ಮಣಿಗಳನ್ನು ಎಣಿಸಬಹುದು. ಅದರ ಕೆಳಗೆ, ಎಂಟೂ ಕೈಗಳನ್ನು ಮುಚ್ಚಿಕೊಂಡು, ನಿಮ್ಮ ನಗುಮುಖ.

ರತ್ನಮುನಿಯವರು ದಿನಾ ಬೆಳಿಗ್ಗೆ ಉಳಿ ಮಸೆದು ಆ ಬೋಳು ಮರದ ಮುಂದೆ ಕೂರುತ್ತಾರೆ. ಇವತ್ತು ಹತ್ತಿರ ಕರೆದು, ಮರದ ಮೇಲೆ ಎಳೆದ ಗೆರೆ ಈಗ ನನ್ನ ಕಣ್ಣಿಗೆ ಕಾಣುತ್ತಿಲ್ಲ ಮಗಳೇ, ಬೇಗ ಹುಡುಕು ಎಂದರು. ಆಗಲೇ ಬಂದು ಈ ಪತ್ರ ಬರೆಯಲು ಕೂತೆ.

ನೀವು ಇಲ್ಲಿಗೆ ಬರುವ ಮೊದಲೇ ಇದು ಕಾಲ ದಾಟಿ ನಿಮ್ಮ ಕೈಸೇರುತ್ತದೆಂಬ ಭರವಸೆಯೂ ಇಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ನೀವು ಆ ಮೂಲೆಯಲ್ಲಿ ಮೊಬೈಲ್ ಎತ್ತಿದಾಗ, ಕೈಮುಗಿದು ಕೇಳುತ್ತೇನೆ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲಿ. ನಮ್ಮ ಮನೆಯಲ್ಲಿ ಉಳಿದಿರುವ ನಿಮ್ಮ ಚಿತ್ರ ಅದೊಂದೇ. ನನ್ನ ಕೆನ್ನೆಯ ಗುಳಿ ನಿಮ್ಮಿಂದ ಬಂದದ್ದೆಂದು ತಿಳಿದದ್ದೂ ಅದರಿಂದಲೇ. ನೀವು ಸರಿದರೆ ನಿಮ್ಮ ಮುಖವನ್ನು ನಾನು ಎಂದೂ ನೋಡಿರುವುದಿಲ್ಲ. ಆದರೂ ಸರಿದು ನಿಲ್ಲಿ, ಅಜ್ಜಿ.